ಕುದುರೆಯಿಲ್ಲದ ಸವಾರಿ

ನಿವೃತ್ತನಾದ ಕನ್ನಡ ಮಾಸ್ತರನೊಬ್ಬನು ಐವತ್ತೊಂಬತ್ತನೆಯ ವಯಸ್ಸಿನಲ್ಲಿ ಕುದುರೆ ಏರಲು ಕಲಿಯಹೊರಟನೆಂದರೆ ನೆರೆಹೊರೆಯವರು ನಗುವುದು ಸಹಜ. ನಕ್ಕರು, ನಗಲಿ. ಬೆಂಗಳೂರಿನ ಹೊರವಲಯದ ಸವಾರಿಶಾಲೆಯೊಂದರಲ್ಲಿ ಎಂಟು ತಿಂಗಳು ಸೊಂಟ ನೋಯಿಸಿಕೊಂಡ ಮೇಲೆ, ಎರಡು ದಿನದ ಡ್ರೆಸಾಜ್ ಶಿಬಿರಕ್ಕೆ ನನ್ನ ಹೆಸರನ್ನೂ ಸೇರಿಸಿದ್ದಾರೆಂಬ ಕಾಗದ ಬಂದಿತು. ಅದರ ಕೊನೆಯಲ್ಲೊಂದು ಪ್ರಶ್ನೆ: ಈ ಶಿಬಿರದಲ್ಲಿ ಮುಖ್ಯವಾಗಿ ಏನನ್ನು ತಿದ್ದಿಕೊಳ್ಳಬಯಸುವಿರಿ? ಉತ್ತರದ ಜಾಗವನ್ನು ಖಾಲಿ ಬಿಟ್ಟು ಎಳ್ಳಮಾವಾಸ್ಯೆಗೆಂದು ಹುಟ್ಟೂರು ಜೇವರ್ಗಿಗೆ ಹೊರಟೆ.

ಡ್ರೆಸಾಜ್ ಎಂದೊಡನೆ ತಮ್ಮನ ಮಗ ಅದು ಉಡುಗೆತೊಡುಗೆಯ ವಿಚಾರವೆಂದು ತಿಳಿದ. ಫ್ರೆಂಚಿನಲ್ಲಿ ಆ ಶಬ್ದಕ್ಕೆ ಪಳಗಿಸುವುದೆಂದು ಅರ್ಥ. ಇದರಲ್ಲಿ ಓಟದ ಪಂದ್ಯವಿಲ್ಲ, ಬೇಲಿ ಹಾರುವುದಿಲ್ಲ. ಗೆರೆ ಎಳೆದ ಅಂಗಳದಲ್ಲಿ ಕುದುರೆಯನ್ನು ನೆಟ್ಟಗೆ ನಡೆಸುವುದು, ದುಂಡಗೆ ತಿರುಗಿಸುವುದು, ಹೇಳಿದ ಕಡೆ ನಿಲ್ಲಿಸುವುದು, ಇಷ್ಟೇ. ಒಂದೊಂದಕ್ಕೂ ಸೊನ್ನೆಯಿಂದ ಹತ್ತರವರೆಗೆ ಅಂಕ. ಸವಾರ ಏನನ್ನೂ ಮಾಡದವನಂತೆ ಕಾಣಿಸಬೇಕೆಂಬುದೇ ಇದರ ಕಷ್ಟ. 2018ರ ಏಷ್ಯನ್ ಕ್ರೀಡೆಗಳಲ್ಲಿ ಬೆಳ್ಳಿ ಗೆದ್ದು, 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿನಲ್ಲಿ ಇಪ್ಪತ್ತಮೂರನೆಯವರಾದ ನಮ್ಮ ಬೆಂಗಳೂರಿನ ಫೌಆದ್ ಮಿರ್ಜಾ ಅವರ ಮೂರಂಗದ ಸ್ಪರ್ಧೆಯಲ್ಲಿ ಮೊದಲ ಅಂಗವೇ ಡ್ರೆಸಾಜ್. 2023ರಲ್ಲಿ ಹಾಂಗ್‌ಝೌ ನಗರದಲ್ಲಿ ಭಾರತದ ತಂಡ ಇದರಲ್ಲೇ ಚಿನ್ನ ತಂದಿತು.

ಈ ವಿದ್ಯೆ ನಮಗೆ ಹೊಸದೇನೂ ಅಲ್ಲ. ನಮ್ಮ ಸೀಮೆಯ ಕಲ್ಯಾಣದಲ್ಲಿ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಬರೆದ ಮಾನಸೋಲ್ಲಾಸದಲ್ಲಿ ವಾಜಿವಾಹ್ಯಾಲಿ ವಿನೋದವೆಂದು ಕುದುರೆ ಸವಾರಿಗೇ ಮೀಸಲಾದ ಭಾಗವಿದೆ. ಅಮರಕೋಶವಂತೂ ಆಸ್ಕಂದಿತ, ಧೌರಿತಕ, ರೇಚಿತ, ವಲ್ಗಿತ, ಪ್ಲುತವೆಂದು ಕುದುರೆಯ ಐದು ಗತಿಗಳನ್ನು ಹೆಸರಿಸುತ್ತದೆ. ಮೂವತ್ತು ವರ್ಷ ಈ ಐದನ್ನೂ ತರಗತಿಯಲ್ಲಿ ಗಡಸು ದನಿಯಿಂದ ಒಪ್ಪಿಸಿದೆನಲ್ಲ, ಕುಕ್ಕುಲೋಟದಲ್ಲಿ ಕಾಲುಗಳು ಕರ್ಣರೇಖೆಯಲ್ಲಿ ಜೋಡಿಜೋಡಿಯಾಗಿ ಎರಡೇ ತಾಳಕ್ಕೆ ಬೀಳುತ್ತವೆಂಬುದು ನನ್ನ ಸೊಂಟಕ್ಕೆ ತಿಳಿದದ್ದು ಈಚೆಗೆ.

ಶಿಬಿರಕ್ಕೆ ಮುನ್ನ ನಡೆಯನ್ನು ಕಾಲ್ನಡಿಗೆಯಲ್ಲೇ ಅಭ್ಯಾಸ ಮಾಡಿರೆಂದು ಗುರುಗಳು ಹೇಳಿದ್ದರು. ಹಬ್ಬದ ಮರುದಿನ ನಮ್ಮ ಹಳೆಯ ಕಣದ ಪಕ್ಕದ ಬಯಲಿನಲ್ಲಿ ಇಪ್ಪತ್ತು ಮೀಟರ್ ಅಗಲ, ನಲವತ್ತು ಮೀಟರ್ ಉದ್ದ ಅಳೆದು ಸುಣ್ಣದ ಗೆರೆ ಹಾಕಿದೆ. ಅಂಚಿನ ಸುತ್ತ ಇಂಗ್ಲಿಷ್ ಅಕ್ಷರಗಳ ಹಲಗೆಗಳಿರಬೇಕು: ಎ, ಕೆ, ಇ, ಎಚ್, ಸಿ, ಎಂ, ಬಿ, ಎಫ್. ಈ ಕ್ರಮಕ್ಕೆ ಯಾವ ವ್ಯಾಕರಣವೂ ಇಲ್ಲ, ಬಾಯಿಪಾಠವೊಂದೇ ಗತಿ. ಎ ಇಂದ ಒಳಬಂದು, ನಟ್ಟನಡುವೆ ಹಲಗೆಯಿಲ್ಲದ ಎಕ್ಸ್ ಬಿಂದುವಿನಲ್ಲಿ ನಿಂತು, ಎದುರಿಗೆ ಸಿ ಬಳಿ ಕುಳಿತ ತೀರ್ಪುಗಾರರಿಗೆ ವಂದಿಸಬೇಕು. ಬಿಸಿಲಿಗೆ ಟವಲು ಸುತ್ತಿಕೊಂಡು ಇಷ್ಟನ್ನೂ ಒಬ್ಬನೇ ಮಾಡುತ್ತಿರುವಾಗ ದಾರಿಹೋಕನೊಬ್ಬ ನಿಂತ.

“ಏನ್ರೀ ಮಾಸ್ತರ, ಮನಿ ಕಟ್ಟಸ್ಲಾಕತ್ತೀರೇನು?”

ಪಾಯ ಹಾಕುತ್ತಿಲ್ಲವೆಂದು ಅವನನ್ನು ನಂಬಿಸುವುದು ಸುಲಭವಾಗಲಿಲ್ಲ.

ಇಪ್ಪತ್ತು ಮೀಟರಿನ ವೃತ್ತವೇ ನನಗೆ ಕಂಟಕ. ಕುದುರೆಯ ಮೇಲಿರಲಿ, ಕಾಲ್ನಡಿಗೆಯಲ್ಲೂ ಅದು ಕೋಳಿಮೊಟ್ಟೆಯಾಗುತ್ತಿತ್ತು. ಕಡೆಗೆ ಗೂಟ ನೆಟ್ಟು, ಹತ್ತು ಮೀಟರಿನ ಹಗ್ಗ ಕಟ್ಟಿ ಸುತ್ತತೊಡಗಿದೆ. ಆಗ ಬೇವಿನ ನೆರಳಿನಿಂದ ನಗು ಕೇಳಿಸಿತು. ನಮ್ಮ ತಂದೆಯ ಜೊತೆಗೆ ಟಾಂಗಾ ಹೊಡೆಯುತ್ತಿದ್ದ ಕಾಕಾ ಯಾವಾಗಲೋ ಬಂದು ಕುಳಿತಿದ್ದರು.

“ಇದು ಹಂತಿ ಅಲ್ಲೇನೋ ತಮ್ಮಾ! ಮೇಟಿ ಅದ, ಹಗ್ಗ ಅದ, ಎತ್ತ ಇಲ್ಲ ನೋಡು.”

ನಾನೂ ನಕ್ಕೆ. ಆದರೆ ಅವರನ್ನು ಕಂಡದ್ದೇ ಎದೆಯಲ್ಲಿ ಏನೋ ಅಲುಗಿತು. ನಮ್ಮ ಟಾಂಗಾದ ಕುದುರೆ ಗೌರಿ. ನನಗೆ ಹದಿಮೂರು ವರ್ಷವಾಗಿದ್ದಾಗ ಬೇಸಗೆ ರಜೆಯ ಕೊನೆಯ ದಿನಗಳಲ್ಲಿ ಭೀಮಾನದಿಯ ಕಡೆಯ ಇಳಿಜಾರಿನಲ್ಲಿ ಹಟಮಾಡಿ ಲಗಾಮು ಕೈಗೆ ತೆಗೆದುಕೊಂಡೆ. ಟಾಂಗಾ ಜಾರಿತು. ಹೆದರಿ ಎರಡೂ ಮುಷ್ಟಿಯಿಂದ ಜಗ್ಗಿದೆ. ಗಾಡಿ ನಿಂತಾಗ ಗೌರಿಯ ಕಟವಾಯಿಯಿಂದ ರಕ್ತ ಇಳಿಯುತ್ತಿತ್ತು. ಅಪ್ಪ ಬೈಯಲಿಲ್ಲ, ಹೊಡೆಯಲಿಲ್ಲ. ಕಡಿವಾಣ ಬಿಚ್ಚಿ ನೀರಿನಿಂದ ಅದರ ಬಾಯಿ ತೊಳೆದರು. ಮರುವಾರ ಶಾಲೆ ತೆರೆಯಿತು, ನಾನು ಗುಲಬರ್ಗಾದ ವಸತಿಗೃಹಕ್ಕೆ ಹೋದೆ. ಆಮೇಲೆ ಲಗಾಮು ಮುಟ್ಟಲಿಲ್ಲ. ಈಗ ಸವಾರಿಶಾಲೆಯಲ್ಲಿ ಮುಟ್ಟಿದಾಗಲೆಲ್ಲ ನನ್ನ ಕೈ ಒಂದೋ ಕಲ್ಲಾಗುತ್ತದೆ, ಇಲ್ಲವೇ ಪೂರ್ತಿ ಸಡಿಲಾಗಿಬಿಡುತ್ತದೆ. ಗುರುಗಳು ಬೇಡುವುದು ಎರಡೂ ಅಲ್ಲದ್ದನ್ನು: ಕೈಗೂ ಕುದುರೆಯ ಬಾಯಿಗೂ ನಡುವೆ ಕಡಿಯದ, ಎಳೆಯದ ಸಂಪರ್ಕ. ಎರಡು ಸಾವಿರದ ಮುನ್ನೂರು ವರ್ಷಕ್ಕೂ ಹಿಂದೆ ಗ್ರೀಸಿನ ಕ್ಸೆನೊಫೋನ್ ಕುದುರೆ ಸವಾರಿಯ ಮೇಲೆ ಪುಸ್ತಕ ಬರೆದು, ಬಲಾತ್ಕಾರದಿಂದ ಮಾಡಿಸಿದ್ದರಲ್ಲಿ ಚೆಲುವಿಲ್ಲ, ಅದು ನರ್ತಕನನ್ನು ಹೊಡೆದು ಕುಣಿಸಿದಂತೆ ಎಂಬ ಅಭಿಪ್ರಾಯ ಕೊಟ್ಟಿದ್ದಾನೆ. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಕಾಕಾ ಗೂಟದ ಹಗ್ಗವನ್ನು ನನ್ನ ಕೈಯಿಂದ ತೆಗೆದುಕೊಂಡರು. “ಮುಟಗಿಯಾಗ ಹಿಡೀಬ್ಯಾಡ, ಬಟ್ಟನಾಗ ಹಿಡಿ. ನಿಮ್ಮಪ್ಪ ಹಂಗೇ ಹಿಡೀತಿದ್ದ.” ಸ್ವಲ್ಪ ತಡೆದು ಮುಂದುವರಿಸಿದರು: “ಗೌರಿ ಬಾಯಿ ಮಾಯೋತನಕ ಹದಿನೈದ ದಿನ ಟಾಂಗಾ ಹೂಡಲಿಲ್ಲ ನೋಡು ಅಂವ. ಗಳಿಕಿ ಇಲ್ಲ, ನಮ್ಮನಿ ಜ್ವಾಳ ಒಯ್ದ. ನಿನಗ ಹೇಳಬ್ಯಾಡ ಅಂದಿದ್ದ.”

ನಲವತ್ತಾರು ವರ್ಷ ನನಗಿದು ತಿಳಿದಿರಲಿಲ್ಲ. ಏನು ಹೇಳಬೇಕೆಂದು ತೋಚದೆ ಹಗ್ಗದ ತುದಿ ಹಿಡಿದು ನಿಂತೆ. ಇನ್ನೊಂದು ತುದಿಯನ್ನು ಕಾಕಾ ತಮ್ಮ ಬೆರಳುಗಳಲ್ಲಿ ಹಿಡಿದು, ಕುದುರೆ ತಲೆ ಆಡಿಸುವಂತೆ ಮೆಲ್ಲಗೆ ಹಿಂದಕ್ಕೂ ಮುಂದಕ್ಕೂ ಆಡಿಸತೊಡಗಿದರು. ನನ್ನ ಕೈ ಮೊದಲು ತಡೆಯಿತು, ಆಮೇಲೆ ಹಿಂಬಾಲಿಸಿತು. ಬಿಸಿಲು ಇಳಿಯುವವರೆಗೆ ಇದೇ ನಡೆಯಿತು, ವೃತ್ತ ಮರೆತೇಹೋಯಿತು.

ರಾತ್ರಿ ಕಾಗದ ತೆಗೆದು ಖಾಲಿ ಜಾಗದಲ್ಲಿ ‘ಕೈ’ ಎಂದು ಒಂದೇ ಶಬ್ದ ಬರೆದೆ. ಗುರುವಾರದ ರೈಲಿಗೆ ಹೊರಡಬೇಕು. ಜೀನಿಗೆ ಎಣ್ಣೆ ಹಚ್ಚುವುದು ಬಾಕಿ ಇದೆ, ಬೂಟಿಗೆ ಪಾಲಿಶ್ ಆಗಿಲ್ಲ, ಎಚ್ ಆದ ಮೇಲೆ ಸಿ ಬರುತ್ತದೆಯೋ ಎಂ ಬರುತ್ತದೆಯೋ ಈಗಲೂ ತಡವರಿಸುತ್ತೇನೆ.