ಪಂಚಗಿರಿಯ ದಾರಿಗಳಲ್ಲಿ ಬೈಸಿಕಲ್ ಪಯಣ

ಮೋಟಾರು ವಾಹನದಲ್ಲಿ ಕುಳಿತವನಿಗೆ ಐವತ್ತು ಕಿಲೋಮೀಟರಿನ ದಾರಿ ಒಂದು ಗಂಟೆಯ ಹೊತ್ತಾಗಿ ಮಾತ್ರ ತೋರುತ್ತದೆ. ಕಾಲ್ನಡಿಗೆಯವನಿಗೆ ಅದೇ ಎರಡು ದಿನಗಳ ಆಯಾಸ. ಇವೆರಡರ ನಡುವಿನದು ಬೈಸಿಕಲ್ಲು. ಒಂದೇ ದಿನದಲ್ಲಿ ನಾಲ್ಕು ಊರುಗಳನ್ನು ಕಾಣಿಸುವ ವೇಗವೂ, ದಾರಿಯ ಪ್ರತಿಯೊಂದು ದಿಣ್ಣೆಯನ್ನೂ ಮೊಣಕಾಲುಗಳಿಂದ ಅಳೆಯಿಸುವ ನಿಧಾನವೂ ಅದಕ್ಕುಂಟು. ಆದುದರಿಂದ ತನ್ನ ನಾಡಿನ ನೆಲವನ್ನು ಅರಿಯಬಯಸುವವನಿಗೆ ಬೈಸಿಕಲ್ಲು ಒಳ್ಳೆಯ ಉಪಾಧ್ಯಾಯ.

ಇಂತಹ ಪಾಠಕ್ಕೆ ಚಿಕ್ಕಬಳ್ಳಾಪುರ ಜಿಲ್ಲೆ ಬಹಳ ತಕ್ಕ ಸ್ಥಳ. 2007ರಲ್ಲಿ ಕೋಲಾರದಿಂದ ಬೇರ್ಪಟ್ಟು ರೂಪುಗೊಂಡ ಈ ಜಿಲ್ಲೆಯ ಪಶ್ಚಿಮಕ್ಕೆ ಗೌರಿಬಿದನೂರು, ನಡುವೆ ಚಿಕ್ಕಬಳ್ಳಾಪುರ, ಪೂರ್ವಕ್ಕೆ ಶಿಡ್ಲಘಟ್ಟ ಮತ್ತು ಚಿಂತಾಮಣಿ ಇವೆ. ಹೊನ್ನಾವರದಿಂದ ಚಿತ್ತೂರಿನ ಕಡೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿಯು ಈ ನಾಲ್ಕು ಪಟ್ಟಣಗಳನ್ನೂ ಹಾದುಹೋಗುತ್ತದೆ. ಗೌರಿಬಿದನೂರಿನಿಂದ ಚಿಂತಾಮಣಿಗೆ ಇರುವ ದೂರ ಎಂಬತ್ತು ಕಿಲೋಮೀಟರಿಗೆ ತುಸು ಹೆಚ್ಚು. ಅಭ್ಯಾಸವುಳ್ಳ ಸವಾರನಿಗೆ ಇದು ಒಂದು ದಿನದ ಪಯಣ.

ಈ ದಾರಿಯ ಪಕ್ಕದಲ್ಲಿ ತಲೆಯೆತ್ತಿ ನಿಂತಿರುವುದು ಪಂಚಗಿರಿಗಳೆಂದು ಪ್ರಸಿದ್ಧವಾದ ಬೆಟ್ಟಸಾಲು. ನಂದಿಗಿರಿ, ಸ್ಕಂದಗಿರಿ, ಬ್ರಹ್ಮಗಿರಿ ಮೊದಲಾದ ಬೆಟ್ಟಗಳು ಇದರಲ್ಲಿ ಸೇರಿವೆ. ಸಮುದ್ರಮಟ್ಟದಿಂದ 1478 ಮೀಟರ್ ಎತ್ತರವಿರುವ ನಂದಿಬೆಟ್ಟ ಇವುಗಳಲ್ಲಿ ಹೆಚ್ಚು ಹೆಸರಾದುದು. ಕೋಟ್ಯಂತರ ವರ್ಷಗಳ ಬಿಸಿಲು, ಮಳೆ, ಗಾಳಿಗಳು ಸುತ್ತಲಿನ ಮೆದು ನೆಲವನ್ನು ಸವೆಸಿದ ಮೇಲೆ ಉಳಿದು ನಿಂತ ಗಟ್ಟಿಯಾದ ಗ್ರಾನೈಟ್ ಮತ್ತು ನೈಸ್ ಶಿಲೆಗಳೇ ಈ ಬೆಟ್ಟಗಳು. ಈರುಳ್ಳಿಯ ಸಿಪ್ಪೆ ಕಳಚಿದಂತೆ ಪದರ ಪದರವಾಗಿ ಬಂಡೆಗಳು ಬಿಟ್ಟುಕೊಂಡಿರುವುದನ್ನು ರಸ್ತೆಯಿಂದಲೇ ನೋಡಬಹುದು.

ಪಯಣವನ್ನು ಗೌರಿಬಿದನೂರಿನಿಂದ ಆರಂಭಿಸುವುದು ಒಳಿತು. ಈ ಊರು ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿದೆ. ಇಲ್ಲಿಗೆ ಸಮೀಪದಲ್ಲಿ, ಉತ್ತರ ಪಿನಾಕಿನಿಯ ದಡದಲ್ಲಿ ವಿದುರಾಶ್ವತ್ಥವಿದೆ. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕಾಗಿ ನೆರೆದಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ ಸ್ಥಳವಿದು. ಇಲ್ಲಿಂದ ಮಂಚೇನಹಳ್ಳಿಯ ಮಾರ್ಗವಾಗಿ ಚಿಕ್ಕಬಳ್ಳಾಪುರಕ್ಕೆ ಬರುವಾಗ ದಾರಿ ಒಟ್ಟಿನಲ್ಲಿ ಏರುತ್ತಲೇ ಇರುತ್ತದೆ. ಚಿಕ್ಕಬಳ್ಳಾಪುರ 900 ಮೀಟರಿಗೂ ಮೇಲಿದೆ. ಬಸ್ಸಿನಲ್ಲಿ ಬಂದವನ ಅರಿವಿಗೆ ಬಾರದ ಈ ಇನ್ನೂರು ಮೀಟರ್ ಎತ್ತರವನ್ನು ಬೈಸಿಕಲ್ ಸವಾರನ ಉಸಿರು ತಾನೇ ಲೆಕ್ಕವಿಡುತ್ತದೆ.

ಈ ಏರಿಕೆಗೆ ಒಂದು ಅರ್ಥವಿದೆ. ಇದು ನೀರನ್ನು ದಿಕ್ಕುದಿಕ್ಕಿಗೆ ಹಂಚುವ ನೆಲ. ಉತ್ತರ ಪಿನಾಕಿನಿ, ಚಿತ್ರಾವತಿ ಮತ್ತು ಪಾಪಾಗ್ನಿ ಇಲ್ಲಿ ಹುಟ್ಟಿ ಆಂಧ್ರಪ್ರದೇಶದ ಕಡೆಗೆ ಹರಿಯುತ್ತವೆ. ದಕ್ಷಿಣ ಪಿನಾಕಿನಿಯು ತಮಿಳುನಾಡಿಗೆ ಇಳಿಯುತ್ತದೆ. ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿಯು ನೈಋತ್ಯಕ್ಕೆ ತಿರುಗಿ ಕಾವೇರಿಯನ್ನು ಸೇರುತ್ತದೆ. ಸವಾರನ ಕಾಲಿಗೆ ಎಲ್ಲಿ ಏರು ಮುಗಿದು ಇಳಿಜಾರು ಮೊದಲಾಗುವುದೋ, ಅಂತಹ ಕಡೆಗಳಲ್ಲಿಯೇ ಬಿದ್ದ ಮಳೆಹನಿಗಳೂ ದಾರಿ ಬೇರ್ಪಡಿಸಿಕೊಂಡು ಬೇರೆ ಬೇರೆ ನದಿಗಳಿಗೆ ಹೋಗುತ್ತವೆ. ಭೂಗೋಳದ ಪುಸ್ತಕದಲ್ಲಿ ಜಲವಿಭಾಜಕ ಎಂದು ಓದಿದ ಮಾತು ಇಲ್ಲಿ ಅನುಭವವಾಗುತ್ತದೆ.

ಚಿಕ್ಕಬಳ್ಳಾಪುರದಿಂದ ಕವಲೊಡೆಯುವ ದಾರಿ ನಂದಿಗ್ರಾಮಕ್ಕೆ ಹೋಗುತ್ತದೆ. ಪುರಾತನವಾದ ಭೋಗನಂದೀಶ್ವರ ದೇವಾಲಯ ಇಲ್ಲಿದೆ. ಇದಕ್ಕೆ ಹತ್ತಿರದ ಮುದ್ದೇನಹಳ್ಳಿಯು ಸರ್ ಎಂ. ವಿಶ್ವೇಶ್ವರಯ್ಯನವರ ಹುಟ್ಟೂರು. ಮುಂದೆ ಬೆಟ್ಟದ ಬುಡದಿಂದ ತುದಿಯವರೆಗೆ ಸುಮಾರು ಏಳೂವರೆ ಕಿಲೋಮೀಟರ್ ಉದ್ದದ ಡಾಂಬರು ರಸ್ತೆ ಸುತ್ತಿ ಸುತ್ತಿ ಮೇಲಕ್ಕೇರುತ್ತದೆ. ಇಷ್ಟರಲ್ಲಿ ಏರಬೇಕಾದ ಎತ್ತರ 400 ಮೀಟರಿಗೂ ಅಧಿಕ. ಬೆಂಗಳೂರಿನ ಬೈಸಿಕಲ್ ಸವಾರರಿಗೆ ಈ ದಾರಿಯೇ ಶಕ್ತಿಪರೀಕ್ಷೆಯ ಕಣ.

ಏರುದಾರಿಯನ್ನು ಹೀಗೇಕೆ ಸುತ್ತಿಸಿದ್ದಾರೆಂಬುದನ್ನು ಇಲ್ಲಿ ಆಲೋಚಿಸಬೇಕು. ಸುಲ್ತಾನಪೇಟೆಯ ಕಡೆಯಿಂದ ಬೆಟ್ಟಕ್ಕೆ ಹತ್ತುವ ಹಳೆಯ ಮೆಟ್ಟಿಲುದಾರಿ ಹೆಚ್ಚು ನೇರವಾದುದು, ಕಡಿದಾದುದು. ಸವಾರ ಮತ್ತು ಬೈಸಿಕಲ್ಲಿನ ತೂಕ ಒಟ್ಟು 70 ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ಅದನ್ನು 400 ಮೀಟರ್ ಮೇಲಕ್ಕೆತ್ತಲು, ಗಾಳಿ ಮತ್ತು ಘರ್ಷಣೆಯ ತಡೆಯನ್ನು ಬಿಟ್ಟರೂ, ಸುಮಾರು 2,74,000 ಜೂಲ್ ಕೆಲಸ ನಡೆಯಬೇಕು. ದಾರಿ ನೇರವಾಗಿರಲಿ, ಸುತ್ತಾಗಿರಲಿ, ಈ ಮೊತ್ತ ಕಡಿಮೆಯಾಗದು. ಆದರೆ ದಾರಿ ಉದ್ದವಾದಂತೆ ಪ್ರತಿ ಹೆಜ್ಜೆಗೆ ಬೇಕಾದ ಬಲ ಕಡಿಮೆಯಾಗುತ್ತದೆ. ಇಳಿಜಾರು ತಳದ ತತ್ತ್ವವೇ ಇದು.

ಗಿಯರು ಮಾಡುವುದೂ ಇದೇ ಕೆಲಸವನ್ನು. ಪೆಡಲಿನ ಚಕ್ರಕ್ಕೆ 44 ಹಲ್ಲುಗಳೂ ಹಿಂದಿನ ಚಕ್ರದ ಗಿಯರಿಗೆ 18 ಹಲ್ಲುಗಳೂ ಇದ್ದರೆ, ಪೆಡಲು ಒಂದು ಸುತ್ತು ತಿರುಗಿದಾಗ ಬೈಸಿಕಲ್ಲು ಐದು ಮೀಟರಿಗೂ ಹೆಚ್ಚು ಮುಂದೆ ಸಾಗುತ್ತದೆ. ಸಮತಟ್ಟಾದ ನೆಲದಲ್ಲಿ ಇದು ಲಾಭ, ಬೆಟ್ಟದ ಮೇಲೆ ಹೊರೆ. ಎರಡೂ ಕಡೆ 34 ಹಲ್ಲುಗಳಿದ್ದರೆ ಒಂದು ಸುತ್ತಿಗೆ ಎರಡು ಮೀಟರಿನಷ್ಟೇ ಚಲನೆ. ಆದರೆ ಕಾಲಿಗೆ ಬೀಳುವ ಭಾರ ಅರ್ಧಕ್ಕಿಂತ ಕಡಿಮೆ. ಗಿಯರಿಲ್ಲದ ಬೈಸಿಕಲ್ಲಿನವನು ಕಡಿದಾದ ತಿರುವಿನಲ್ಲಿ ಇಳಿದು ತಳ್ಳಿಕೊಂಡು ನಡೆದರೆ ಅದರಲ್ಲಿ ನಾಚಿಕೆಯೇನೂ ಇಲ್ಲ.

ಏರುವಾಗ ಕೂಡಿಟ್ಟ ಶಕ್ತಿ ಇಳಿಯುವಾಗ ವೇಗವಾಗಿ ಹೊರಬರುತ್ತದೆ. ಆ ವೇಗವನ್ನು ಬ್ರೇಕುಗಳು ಶಾಖವಾಗಿ ಮಾರ್ಪಡಿಸುತ್ತವೆ. ಬ್ರೇಕನ್ನು ಒಂದೇ ಸಮನೆ ಹಿಡಿದಿದ್ದರೆ ಚಕ್ರದ ಅಂಚು ಅತಿಯಾಗಿ ಕಾಯುತ್ತದೆ. ಆದುದರಿಂದ ತಿರುವು ಬರುವ ಮೊದಲೇ ವೇಗ ತಗ್ಗಿಸಿ, ಬ್ರೇಕುಗಳನ್ನು ಬಿಟ್ಟು ಬಿಟ್ಟು ಒತ್ತಬೇಕು. ಮುಂಜಾನೆ ಮಂಜು ಕವಿದಾಗ ಹತ್ತು ಮಾರು ಮುಂದಿನದೂ ಕಾಣದು. ರಜಾದಿನಗಳಲ್ಲಿ ಮೋಟಾರು ವಾಹನಗಳ ಸಂದಣಿಯೂ ಅಧಿಕ. ಶಿರಸ್ತ್ರಾಣ, ದೀಪ, ಎಡಬದಿಯ ಶಿಸ್ತು ಇವು ಮೂರನ್ನೂ ಮರೆತವನು ಈ ದಾರಿಗೆ ಬಾರದಿರುವುದೇ ಲೇಸು.

ಮತ್ತೆ ಹೆದ್ದಾರಿಗೆ ಬಂದು ಪೂರ್ವಕ್ಕೆ ತಿರುಗಿದರೆ ನೋಟ ಬದಲಾಗುತ್ತದೆ. ಬೆಟ್ಟಗಳು ಹಿಂದುಳಿದು, ಸಣ್ಣ ಏರಿಳಿತಗಳ ನೆಲ ಎದುರಾಗುತ್ತದೆ. ಶಿಡ್ಲಘಟ್ಟ ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಸರಾದ ಊರು. ದಾರಿಯುದ್ದಕ್ಕೂ ಹಿಪ್ಪುನೇರಳೆಯ ತೋಟಗಳು. ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳು ಮನೆಗಳ ಮುಂದೆ ಕಾಣಸಿಗುತ್ತವೆ. ಚಿಂತಾಮಣಿಯನ್ನು ಮುಟ್ಟುವ ಮೊದಲೇ ದಣಿದವನಿಗೆ ಕೆರೆಯ ಏರಿಯ ಮರದ ನೆರಳು ವಿಶ್ರಾಂತಿಯ ತಾಣ. ಚಿಂತಾಮಣಿ ತಾಲ್ಲೂಕಿನ ಕೈವಾರವು ಯೋಗಿ ನಾರೇಯಣ ಯತೀಂದ್ರರ ಹೆಸರಿನಿಂದ ಪ್ರಸಿದ್ಧವಾಗಿದೆ.

ದಾರಿಯಲ್ಲಿ ಸಿಕ್ಕುವ ಕೆರೆಗಳನ್ನು ಎಣಿಸುತ್ತ ಹೋದರೆ ಮತ್ತೊಂದು ಸಂಗತಿ ಹೊಳೆಯುತ್ತದೆ. ಇಷ್ಟೊಂದು ನದಿಗಳ ತವರಾದ ಈ ನೆಲದಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಆದುದರಿಂದಲೇ ಹಿರಿಯರು ಮಳೆಯ ನೀರನ್ನು ಕೆರೆಗಳಲ್ಲಿ ತಡೆದು, ಮೇಲಿನ ಕೆರೆಯ ಕೋಡಿಯ ನೀರು ಕೆಳಗಿನ ಕೆರೆಗೆ ಸೇರುವಂತೆ ಸರಪಳಿ ಕಟ್ಟಿದರು. ಕಾಲುವೆಗಳು ಮುಚ್ಚಿ ಹೂಳು ತುಂಬಿದಾಗ ಆ ಸರಪಳಿ ಕಡಿಯಿತು. ಕೊಳವೆಬಾವಿಗಳು ಆಳಕ್ಕೆ ಇಳಿದವು. ಇತ್ತೀಚಿನ ವರ್ಷಗಳಲ್ಲಿ ಬೆಂಗಳೂರಿನ ಹೆಬ್ಬಾಳ-ನಾಗವಾರ ಕಣಿವೆಯ ಸಂಸ್ಕರಿಸಿದ ನೀರನ್ನು ಇಲ್ಲಿನ ಹಲವು ಕೆರೆಗಳಿಗೆ ಹರಿಸಲಾಗಿದೆ. ಅದನ್ನು ಎರಡು ಹಂತಗಳಲ್ಲಿ ಶುದ್ಧಿಮಾಡಿದರೆ ಸಾಲದು, ಮೂರನೆಯ ಹಂತವೂ ಬೇಕೆಂದು ರೈತರು ಕೇಳುತ್ತ ಬಂದಿದ್ದಾರೆ.

ಬೆಟ್ಟಗಳ ಸ್ಥಿತಿಯೂ ಚಿಂತೆಗೆ ಎಡೆಕೊಡುವಂತಹುದು. ಕಲ್ಲುಗಣಿಗಳು ಗುಡ್ಡಗಳನ್ನು ಕೊರೆಯುತ್ತಿವೆ. 2021ರ ಫೆಬ್ರವರಿಯಲ್ಲಿ ಹಿರೇನಾಗವಲ್ಲಿಯ ಬಳಿ ಜಿಲೆಟಿನ್ ಸ್ಫೋಟಗೊಂಡು ಆರು ಮಂದಿ ಪ್ರಾಣ ಕಳೆದುಕೊಂಡರು. ಮನೆ, ರಸ್ತೆಗಳಿಗೆ ಕಲ್ಲು ಬೇಕೆಂಬುದು ನಿಜ. ಅದನ್ನು ಒಡೆಯುವ ಕೂಲಿಕಾರರ ಜೀವನವೂ ಅದರಿಂದಲೇ ನಡೆಯಬೇಕು. ಆದರೆ ಸಾವಿರಾರು ಮಳೆಗಾಲಗಳ ನೀರನ್ನು ಹಂಚಿದ ಬೆಟ್ಟವೊಂದು ಪುಡಿಯಾದ ಮೇಲೆ ಅದನ್ನು ಮತ್ತೆ ಕಟ್ಟುವ ವಿದ್ಯೆ ಯಾರಲ್ಲಿಯೂ ಇಲ್ಲ.

ಕರ್ನಾಟಕ ಸರ್ಕಾರವು 2006-07ರಲ್ಲಿ ಎಂಟನೆಯ ತರಗತಿಯ ವಿದ್ಯಾರ್ಥಿಗಳಿಗೆ ಬೈಸಿಕಲ್ ಹಂಚುವ ಯೋಜನೆಯನ್ನು ಆರಂಭಿಸಿತು. ಹಳ್ಳಿಯಿಂದ ಶಾಲೆಗೆ ಹೋಗುವ ಮಕ್ಕಳ ದೂರವನ್ನು ತಗ್ಗಿಸುವುದು ಅದರ ಉದ್ದೇಶವಾಗಿತ್ತು. ಬೈಸಿಕಲ್ಲಿನಿಂದ ಇನ್ನೊಂದು ದೂರವೂ ತಗ್ಗಬಲ್ಲುದು. ಅದು ನಮಗೂ ನಮ್ಮ ನೆಲಕ್ಕೂ ನಡುವೆ ಬೆಳೆದಿರುವ ದೂರ. ತನ್ನ ಊರಿನ ಮಳೆ ಯಾವ ಕೆರೆಗೆ ಇಳಿಯುತ್ತದೆ, ಆ ಕೆರೆಯ ಕೋಡಿ ಯಾವ ನದಿಗೆ ಹರಿಯುತ್ತದೆ ಎಂಬುದನ್ನು ಕಾಲಿನ ದಣಿವಿನಿಂದ ಕಲಿತವನು ಆ ಕೆರೆಯನ್ನೂ ಬೆಟ್ಟವನ್ನೂ ಹಾಳಾಗಗೊಡಲು ಸುಲಭವಾಗಿ ಒಪ್ಪಲಾರನು.