ಜೀನು ಬಿಚ್ಚಿದ ಕುದುರೆಗಳ ಜೊತೆ ದೂರ ಸವಾರಿ

ಕುದುರೆ ಏರಿ ಬೆಟ್ಟ ಬಯಲು ಸುತ್ತುವುದರ ಸುಖ ಎಲ್ಲಿದೆ ಎಂದು ಕೇಳಿದರೆ ಹೆಚ್ಚಿನವರು ವೇಗವನ್ನೋ ಸುತ್ತಲ ನೋಟವನ್ನೋ ಹೆಸರಿಸುತ್ತಾರೆ. ವೇಗಕ್ಕೆ ಬೈಕು ಸಾಕು, ನೋಟಕ್ಕೆ ನಮ್ಮ ಕಾಲುಗಳೇ ಸಾಕು. ದೂರ ಸವಾರಿಯ ನಿಜವಾದ ಸುಖ, ಕುದುರೆಯ ಕಸುವು, ದಣಿವು, ಹಸಿವುಗಳಿಗೆ ಸವಾರ ತನ್ನ ದಿನವನ್ನು ಹೊಂದಿಸಿಕೊಳ್ಳುವುದರಲ್ಲಿದೆ. ಕುದುರೆಗೆ ಹಿತವಾದದ್ದೇ ಸವಾರನಿಗೂ ಹಿತ ಎಂಬುದಕ್ಕೆ ಐಸ್‌ಲ್ಯಾಂಡಿಗಿಂತ ಒಳ್ಳೆಯ ಸಾಕ್ಷಿ ಸಿಗಲಾರದು.

ಅಲ್ಲಿ ಬೇಸಿಗೆಯಲ್ಲಿ ದೂರ ಹೊರಡುವ ತಂಡಗಳಲ್ಲಿ ಸಾಮಾನ್ಯವಾಗಿ ಸವಾರರಿಗಿಂತ ಕುದುರೆಗಳೇ ಹೆಚ್ಚು. ಜೀನಿಲ್ಲದ ಕುದುರೆಗಳು ಹಿಂಡಾಗಿ ಓಡುತ್ತವೆ. ಸವಾರರಲ್ಲಿ ಕೆಲವರು ಹಿಂಡಿನ ಮುಂದೆ, ಉಳಿದವರು ಹಿಂದೆ. ದಾರಿಯ ನಡುವೆ ನಿಂತಾಗ ಎಲ್ಲರೂ ಹಗ್ಗ ಹಿಡಿದು ಸುತ್ತುವರಿದರೆ ಅದೇ ದೊಡ್ಡಿ. ದಣಿದ ಕುದುರೆಯ ಜೀನು ಬಿಚ್ಚಿ, ಬರಿಮೈಯಲ್ಲಿ ಬಂದ ಇನ್ನೊಂದಕ್ಕೆ ಬಿಗಿಯುತ್ತಾರೆ. ಲಾಂಗ್‌ಯೋಕುಲ್ ಮತ್ತು ಹೋಫ್ಸ್‌ಯೋಕುಲ್ ಎಂಬ ಎರಡು ಭಾರಿ ಹಿಮರಾಶಿಗಳ ನಡುವೆ ಹಾಯುವ ಹಳೆಯ ಕ್ಯೋಲುರ್ ದಾರಿಯನ್ನು ಜನ ಇಂದಿಗೂ ಹೀಗೆ ಸವೆಸುತ್ತಾರೆ. ಈ ಕುದುರೆಗಳಿಗೆ ನಡಿಗೆ, ಜಗ್ಗುಓಟ, ನೆಗೆದೋಟಗಳ ಜೊತೆಗೆ ‘ಟೋಲ್ಟ್’ ಎಂಬ ಗತಿಯೂ ಇದೆ. ಜಗ್ಗುಓಟದಲ್ಲಿ ನಾಲ್ಕೂ ಗೊರಸು ಒಂದು ಕ್ಷಣ ನೆಲ ಬಿಡುವುದರಿಂದ ಸವಾರ ಜೀನಿನ ಮೇಲೆ ಎಗರುತ್ತಾನೆ. ಟೋಲ್ಟ್‌ನಲ್ಲಿ ಗೊರಸುಗಳು ಒಂದೊಂದಾಗಿ ಊರುತ್ತವೆ, ಒಂದಾದರೂ ಸದಾ ನೆಲದ ಮೇಲಿರುತ್ತದೆ. ಹಾಗಾಗಿ ಗಂಟೆಗಟ್ಟಲೆ ಕುಳಿತರೂ ಸೊಂಟ ನೋಯುವುದು ಕಡಿಮೆ. ಡಿಎಂಆರ್‌ಟಿ3 ಎಂಬ, ಬೆನ್ನುಹುರಿಯಲ್ಲಿ ಕೆಲಸ ಮಾಡುವ ವಂಶವಾಹಿಯ ಒಂದು ಬದಲಾವಣೆ ಇಂಥ ಗತಿಗಳಿಗೆ ಮುಖ್ಯ ಕಾರಣ ಎಂದು 2012ರಲ್ಲಿ ವಿಜ್ಞಾನಿಗಳು ತೋರಿಸಿದರು. ಸುಖದ ಮೂಲ ಸವಾರನ ಚಾತುರ್ಯಕ್ಕಿಂತ ಮೊದಲು ಪ್ರಾಣಿಯ ಬೆನ್ನುಹುರಿಯಲ್ಲೇ ಇದೆ ಎಂದಾಯಿತು. ಆ ತಳಿಯನ್ನು ಆ ನಾಡು ಕಾಯುವ ಪರಿಯೂ ಕಟ್ಟುನಿಟ್ಟು: ಹೊರಗಿನ ಕುದುರೆಗೆ ಪ್ರವೇಶವಿಲ್ಲ, ಒಮ್ಮೆ ಹೊರದೇಶಕ್ಕೆ ಹೋದದ್ದು ತವರಿಗೆ ಮರಳುವಂತಿಲ್ಲ. ರೋಗ ತಗುಲದಿರಲೆಂದು ಬೇರೆಡೆ ಬಳಸಿದ ಜೀನು, ಲಗಾಮುಗಳನ್ನೂ ಒಳಗೆ ಬಿಡುವುದಿಲ್ಲ.

ಎಷ್ಟೇ ಕಾಳಜಿ ಮಾಡಿದರೂ ಹೊರುವುದು ಕುದುರೆ, ಸುಖ ಮನುಷ್ಯನದು ಎಂಬ ಆಕ್ಷೇಪ ಹಗುರವಾದದ್ದಲ್ಲ. ಕುದುರೆ ಒಪ್ಪಿಗೆ ಕೊಟ್ಟಿದೆ ಎಂದು ಯಾರೂ ಹೇಳಲಾರರು. ಆದರೆ ಅದು ಮೂಕವಲ್ಲ: ಹಿಂದಕ್ಕೆ ಒತ್ತಿದ ಕಿವಿ, ಬಿಡದೆ ಬೀಸುವ ಬಾಲ, ಜೀನು ಬಿಗಿಯುವಾಗ ಕಚ್ಚಲು ಬರುವ ಬಾಯಿ ನೋವನ್ನೋ ಅಸಮಾಧಾನವನ್ನೋ ಹೇಳುತ್ತವೆ. ಅದನ್ನು ಓದಿ ಸವಾರಿ ನಿಲ್ಲಿಸುವವನಿಗೆ ಮಾತ್ರ ಸವಾರಿಯ ಹಕ್ಕಿದೆ ಎಂಬುದು ನನ್ನ ನಿಲುವು. ಗೊರಸಿನಿಂದ ನೆಲ ಹಾಳಾಗುತ್ತದೆ ಎಂಬ ದೂರೂ ನಿಜ; ಮಣ್ಣಿನ ಸವಕಳಿ ಐಸ್‌ಲ್ಯಾಂಡಿನ ಹಳೆಯ ಸಂಕಟ. ಆದ್ದರಿಂದಲೇ ರೂಢಿಯ ದಾರಿ ಬಿಡದಿರುವುದು, ಹುಲ್ಲು ವಿರಳವಾದ ಒಳನಾಡಿಗೆ ಮೇವು ಹೊತ್ತೊಯ್ಯುವುದು ಅಲ್ಲಿನ ಸವಾರಿಯ ಭಾಗವೇ. ಇಷ್ಟೆಲ್ಲ ಕಟ್ಟುಪಾಡಿದ್ದರೆ ಖುಷಿ ಎಲ್ಲಿ ಎನ್ನುವವರು, ಕಟ್ಟುಪಾಡಿಲ್ಲದ ಕಡೆ ಬೆನ್ನು ಹುಣ್ಣಾದ ಕುದುರೆ ಎಡವುತ್ತ ಸಾಗುವಾಗ ಮೇಲೆ ಕುಳಿತವನಿಗೆ ಯಾವ ಖುಷಿ ಸಿಕ್ಕೀತು ಎಂದೂ ಯೋಚಿಸಬೇಕು.

ಊಟಿಯಲ್ಲೋ ಇನ್ನಾವುದೋ ಪ್ರವಾಸಿ ತಾಣದಲ್ಲೋ ಕುದುರೆ ಏರುವ ಮುನ್ನ ನೀವೂ ಇಷ್ಟು ಮಾಡಿ: ಬೆಳಗಿನಿಂದ ಅದು ಎಷ್ಟು ಸುತ್ತು ಹೊಡೆದಿದೆ, ನೀರು ಕುಡಿದಿದೆಯೇ ಎಂದು ಕೇಳಿ. ಜೀನಿನ ಅಡಿಯಲ್ಲಿ ಗಾಯವಿದೆಯೇ ಎಂದು ತೋರಿಸಲು ಹೇಳಿ. ಗಾಯ ಕಂಡರೆ ಹತ್ತಬೇಡಿ.