ಮೊಣಕಾಲಿನ ಗಾದಿ ಹರಿದರೆ ಹೊಲಿಗೆ ಹಾಕಿಸಬೇಕೆ?



ಅಡಿಕೆ ಸುಲಿಯಲು, ನೇಜಿ ನೆಡಲು, ಒಲೆ ಮುಂದೆ ಕೂರಲು ಮೊಣಕಾಲು ಮಡಚಲೇಬೇಕು. ಹಾಗಾಗಿ ‘ಮೆನಿಸ್ಕಸ್ ಹರಿದಿದೆ, ಆಪರೇಶನ್ ಆಗಬೇಕು’ ಎಂದು ಡಾಕ್ಟ್ರು ಹೇಳಿದ ಕೂಡಲೇ ನಮ್ಮ ಹೆಂಗಸರು ಗಾಬರಿಯಾಗಿ ಸಂಘದಲ್ಲಿ ಸಾಲ ಕೇಳುತ್ತಾರೆ. ಸಾಲ ಕೊಡುವುದು ತಪ್ಪಲ್ಲ. ಆದರೆ ಯಾವ ಆಪರೇಶನ್, ಅದರಿಂದ ಎಷ್ಟು ಗುಣ ಅಂತ ತಿಳಿದುಕೊಂಡು ನಿರ್ಣಯ ಪುಸ್ತಕದಲ್ಲಿ ಬರೆಯೋಣ.

ತೊಡೆಯ ಎಲುಬು ಮತ್ತು ಕಣಕಾಲಿನ ಎಲುಬಿನ ನಡುವೆ ಪ್ರತಿ ಮೊಣಕಾಲಿನಲ್ಲೂ ಅರ್ಧಚಂದ್ರದಂತಹ ಎರಡು ಗಾದಿಗಳಿವೆ. ಇವೇ ಮೆನಿಸ್ಕಸ್. ಮೈಭಾರವನ್ನು ಹಂಚಿ, ಎಲುಬು ಸವೆಯದಂತೆ ಕಾಪಾಡುವುದು ಇವುಗಳ ಕೆಲಸ. ಗಾದಿಯ ಹೊರಅಂಚಿಗೆ ಮಾತ್ರ ರಕ್ತ ಹರಿಯುತ್ತದೆ, ಒಳಅಂಚಿಗೆ ಇಲ್ಲ. ರಕ್ತ ಸಿಗುವ ಕಡೆ ಹರಿದರೆ ಹೊಲಿಗೆ ಚೆನ್ನಾಗಿ ಕೂಡುತ್ತದೆ. ಒಳಗಡೆ ಹರಿದರೆ ಕೂಡುವುದು ಕಷ್ಟ.

ಕಬಡ್ಡಿ ಆಡುವ ಮಗಳ ಕಾಲು ತಿರುಚಿ ಗಾದಿ ಹರಿಯುವುದು ಒಂದು ಬಗೆ. ನಲವತ್ತು ದಾಟಿದವರಲ್ಲಿ ತಾನಾಗಿಯೇ ಸವೆದು ಹರಿಯುವುದು ಇನ್ನೊಂದು ಬಗೆ. ಹೊಸ ಸೀರೆ ಹರಿದರೆ ಹೊಲಿಯಬಹುದು. ಸವೆದ ಸೀರೆಗೆ ಹೊಲಿಗೆ ಹಾಕಿದರೆ ಪಕ್ಕದಲ್ಲೇ ಮತ್ತೆ ಪಿಸಿಯುತ್ತದಲ್ಲವೇ? ಇದೂ ಹಾಗೆಯೇ.

ಹೊಲಿಗೆ ಹಾಕಿಸಿಕೊಂಡ ನೂರು ಮಂದಿಯಲ್ಲಿ ಐದು ವರ್ಷ ಕಳೆಯುವಾಗ ಸುಮಾರು 75ರಿಂದ 80 ಮಂದಿಗೆ ಹೊಲಿಗೆ ನಿಂತಿರುತ್ತದೆ. ಉಳಿದವರಲ್ಲಿ ಅದು ಸೋಲುತ್ತದೆ, ಹಲವರಿಗೆ ಮತ್ತೆ ಆಪರೇಶನ್ ಬೇಕಾಗುತ್ತದೆ. ನಿಂತರೆ ಲಾಭ ದೊಡ್ಡದು, ಗಾದಿ ಉಳಿಯುತ್ತದೆ. ಹರಿದ ತುಂಡನ್ನು ಕತ್ತರಿಸಿ ತೆಗೆಯುವ ಆಪರೇಶನ್‌ನಲ್ಲಿ ಕೆಲವೇ ವಾರಗಳಲ್ಲಿ ಓಡಾಡಬಹುದು ನಿಜ, ಆದರೆ ಗಾದಿ ಕಡಿಮೆಯಾದಷ್ಟೂ ಮುಂದೆ ಸಂಧಿ ಸವೆತದ ಅಪಾಯ ಹೆಚ್ಚು.

ಸವೆದು ಹರಿದವರಿಗೆ ಈ ಕತ್ತರಿಸುವ ಆಪರೇಶನ್‌ನಿಂದ ಹೆಚ್ಚೇನೂ ಸಿಗದು. ಫಿನ್ಲೆಂಡ್‌ನಲ್ಲಿ 146 ಮಂದಿಯ ಮೇಲೆ ನಡೆದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಅರ್ಧ ಮಂದಿಗೆ ನಿಜವಾಗಿ ಕತ್ತರಿಸಿದರು, ಇನ್ನರ್ಧ ಮಂದಿಗೆ ಕತ್ತರಿಸಿದಂತೆ ನಟಿಸಿದರು! ವರ್ಷದ ನಂತರ ಇಬ್ಬರ ನೋವೂ ಒಂದೇ ತೆರನಾಗಿ ಕಡಿಮೆಯಾಗಿತ್ತು. 2016ರಲ್ಲಿ ನಾರ್ವೆಯ ಅಧ್ಯಯನದಲ್ಲೂ ಮೂರು ತಿಂಗಳು ವ್ಯಾಯಾಮ ಮಾಡಿದವರು ಎರಡು ವರ್ಷದ ಬಳಿಕ ಆಪರೇಶನ್ ಆದವರಿಗಿಂತ ಹಿಂದೆ ಬಿದ್ದಿರಲಿಲ್ಲ. ಎಂ.ಆರ್.ಐ.ಯಲ್ಲಿ ಹರಿದದ್ದು ಕಂಡರೂ ಅದೇ ನೋವಿಗೆ ಕಾರಣ ಅಂತ ಹೇಳಲಾಗದು, ನೋವೇ ಇಲ್ಲದ ಎಷ್ಟೋ ಹಿರಿಯರ ಮೊಣಕಾಲಿನಲ್ಲೂ ಹರಿದ ಗಾದಿ ಕಾಣುತ್ತದೆ. ಆದ್ದರಿಂದ ಇಂಥವರು ಮೊದಲು ಫಿಸಿಯೋಥೆರಪಿಯವರ ಬಳಿ ತೊಡೆಯ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ ಕಲಿತು ಮೂರು ತಿಂಗಳು ಬಿಡದೆ ಮಾಡಲಿ. ಎರಡು ದಿನ ಮಾಡಿ ‘ಏನೂ ಆಗ್ಲಿಲ್ಲ’ ಅನ್ನಬಾರದು.

ಆದರೆ ಎರಡು ಸಂದರ್ಭಗಳಲ್ಲಿ ಕಾಯಬೇಡಿ. ಕಾಲು ನೀಟಾಗಿ ಚಾಚಲಾಗದೆ ಸಿಕ್ಕಿಹಾಕಿಕೊಂಡರೆ ಹರಿದ ತುಂಡು ಮಡಚಿ ಅಡ್ಡ ನಿಂತಿರಬಹುದು. ಕುಕ್ಕರಗಾಲಿನಿಂದ ಏಳುವಾಗ ಮೊಣಕಾಲಿನ ಹಿಂದೆ ‘ಟಕ್’ ಎಂದು ಜೋರು ನೋವು ಬಂದರೆ ಗಾದಿಯ ಬೇರೇ ಕಿತ್ತಿರಬಹುದು. ಇದು ನಡುವಯಸ್ಸಿನ ಹೆಂಗಸರಲ್ಲೇ ಹೆಚ್ಚು. ಹಾಗೇ ಬಿಟ್ಟರೆ ಮೊಣಕಾಲು ಬೇಗ ಸವೆಯುತ್ತದೆ. ಸಂಧಿ ಇನ್ನೂ ಚೆನ್ನಾಗಿದ್ದರೆ ಇಂಥವರಿಗೆ ಹೊಲಿಗೆಯಿಂದ ಪ್ರಯೋಜನವಿದೆ.

‘ಹೊಲಿಯುತ್ತೀರೋ, ಕತ್ತರಿಸುತ್ತೀರೋ?’ ಎಂದು ಡಾಕ್ಟರರನ್ನು ಕೇಳಲು ನಾಚಿಕೆ ಬೇಡ. ಆಯುಷ್ಮಾನ್ ಕಾರ್ಡಿನಲ್ಲಿ ಸೌಲಭ್ಯ ಇದೆಯೇ ಎಂದು ಸರಕಾರಿ ಆಸ್ಪತ್ರೆಯಲ್ಲಿ ಮೊದಲೇ ವಿಚಾರಿಸಿ. ಹೊಲಿಗೆಯಾದರೆ ನಾಲ್ಕರಿಂದ ಆರು ವಾರ ಊರುಗೋಲು ಬೇಕಾಗಬಹುದು, ನಾಲ್ಕು ತಿಂಗಳಾದರೂ ಕುಕ್ಕರಗಾಲಲ್ಲಿ ಕೂರುವಂತಿಲ್ಲ. ಬಾವಿಯಿಂದ ನೀರು ಯಾರು ತರುತ್ತಾರೆ, ಹಟ್ಟಿ ಕೆಲಸ ಯಾರು ಮಾಡುತ್ತಾರೆ ಎಂದು ಮನೆಯವರೊಡನೆ ಮೊದಲೇ ಮಾತಾಡಿಕೊಳ್ಳಿ. ಆ ತಿಂಗಳುಗಳಲ್ಲಿ ಕೂಲಿಯೂ ಇರುವುದಿಲ್ಲವಾದ್ದರಿಂದ, ಸಾಲದ ಕಂತು ಯಾವಾಗ ಶುರುವಾಗಬೇಕು ಎಂಬುದನ್ನು ಸಂಘದ ಸಭೆಯಲ್ಲೇ ತೀರ್ಮಾನಿಸಿ ಬರೆದಿಡಿ.